ಬಿಳಿಚಿದ ಹನ್ನೊಂದು

ಬೆಳಿಗ್ಗೆ ಎಂಟೂವರೆಗೆ ಗೆಂಟ್ ನಗರದ ಪ್ರಯೋಗಾಲಯಕ್ಕೆ ಬಂದ ಯೋರಿಸ್, ಕೋಟು ಕೂಡ ಬಿಚ್ಚದೆ ಮೇಜಿನ ಮೇಲಿದ್ದ ಗಾಜಿನ ತಟ್ಟೆಗಳನ್ನು ಬೆಳಕಿಗೆ ಹಿಡಿದ. ನಾನೂರು ಚಿಗುರುಗಳಲ್ಲಿ ಹನ್ನೊಂದು ಬಿಳಿಚಿ ಸತ್ತಿದ್ದವು. ಅವನು ಕುಣಿಯುವುದೊಂದು ಬಾಕಿ.

"ಲಿಸೆಟ್, ಹನ್ನೊಂದು ಸತ್ತಿವೆ ಕಣ್ರೀ. ಇವುಗಳ ತಾಯಿಗಿಡ ಎಲ್ಲಿಟ್ರಿ?"

ಅಂಗಮಾರಿ ರೋಗ ತಾಗದ ಆಲೂಗಡ್ಡೆ ಅವನದು. ರೋಗ ತಡೆಯುವ ಜೀನು ಯಾವ ಗಿಡಕ್ಕೆ ಸೇರಿತೆಂದು ಗುರುತಿಸಲು, ಅದರ ಜೊತೆಗೆ ಆಂಟಿಬಯಾಟಿಕ್‌ಗೆ ಜಗ್ಗದ ಇನ್ನೊಂದು ಜೀನನ್ನೂ ಹಾಕಿದ್ದರು. ಕೆಲಸ ಮುಗಿದರೂ ಅದು ಹೊರಡದ ನೆಂಟನ ಹಾಗೆ ಗಿಡದಲ್ಲೇ ಕೂತಿತ್ತು. ಅದಿರುವ ತನಕ ಹೊಲದಲ್ಲಿ ನೆಡಲು ಅನುಮತಿಯಿಲ್ಲ. ಕಿತ್ತು ತೆಗೆಯಲು ಆರು ವರ್ಷ ಹಿಡಿಯಿತು. ಹೋಯಿತೋ ಇಲ್ಲವೋ ತಿಳಿಯಬೇಕಾದರೆ ಗಿಡದ ತುದಿಯನ್ನು ಕತ್ತರಿಸಿ ಆ ಆಂಟಿಬಯಾಟಿಕ್ ಬೆರೆಸಿದ ತಟ್ಟೆಯಲ್ಲಿ ಇಡಬೇಕು. ತುದಿ ಸತ್ತರೆ ಆ ಜೀನು ಹೋಗಿದೆ, ಬಾಟಲಿಯಲ್ಲಿ ಉಳಿದ ತಾಯಿಗಿಡ ಗೆದ್ದ ಹಾಗೆ.

"ಕಪಾಟಲ್ಲಿವೆ. ಹಸಿರಾಗಿದ್ದೋವನ್ನೆಲ್ಲಾ ಜೋಡಿಸಿಟ್ಟಿದೀನಿ," ಎಂದಳು ಪ್ರಯೋಗಾಲಯದ ಹಿರಿಯ ಸಹಾಯಕಿ ಲಿಸೆಟ್.

"ಹಸಿರಾಗಿರೋದರದ್ದಲ್ಲ. ಬಿಳಿಚಿದ್ದರದ್ದು."

ಲಿಸೆಟ್ ಕೈಗವಸು ಕಳಚಿದಳು. ಹಸಿರಾದದ್ದನ್ನು ಉಳಿಸು, ಬಿಳಿಚಿದ್ದನ್ನು ಎಸೆ. ಈ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಅವಳು ಮಾಡಿದ್ದು ಅದನ್ನೇ. ಈ ಹೊತ್ತು ಏಳು ಗಂಟೆಗೂ, ಬಿಳಿಚಿದ ಹನ್ನೊಂದರ ಬಾಟಲಿಗಳನ್ನು ಹಾಗೆಯೇ ಎಸೆಯಲು ಹಾಕಿದ್ದಳು. ಎಸೆದ ಗಿಡ ಜೀವಂತವಾಗಿ ಹೊರಗೆ ಹೋಗಬಾರದೆಂದು ಹಬೆಯಲ್ಲಿ ಬೇಯಿಸುವುದು ಇಲ್ಲಿಯ ನಿಯಮ. ಮೂಲೆಯಲ್ಲಿ ಹಬೆಯಂತ್ರ ಗುಂಯ್ಗುಡುತ್ತಿತ್ತು.

"ಸತ್ತದ್ದೇ ಬೇಕು ಅಂತ ಬಾಗಿಲಿಗೆ ಬರೆದು ಅಂಟಿಸಿದ್ನಲ್ರೀ."

"ಓದಿದ್ದೆ ಕಣೋ. ಕೈ ಓದ್ಲಿಲ್ಲ."

ಯೋರಿಸ್ ಕುರ್ಚಿಯಲ್ಲಿ ಕುಸಿದ. ಮತ್ತೆ ಮಾಡಲು ಎರಡು ವರ್ಷ ಬೇಕು; ಯೋಜನೆ ಉಳಿದಿರುವುದು ಈ ತಿಂಗಳ ಕೊನೆಯವರೆಗೆ.

"ಆಸ್ಪತ್ರೇಲಿ ನಮ್ಮ ಓಮೆರ್‌ದೂ ಇಂಥದ್ದೇ ಒಂದು ತಟ್ಟೆ ಇತ್ತು," ಲಿಸೆಟ್ ತನ್ನ ಗಂಡನ ಮಾತೆತ್ತಿದಳು. "ಅವನ ರಕ್ತದಲ್ಲಿದ್ದ ಕ್ರಿಮಿ ಮೇಲೆ ಒಂಬತ್ತು ಔಷಧಿ ಇಟ್ಟು ನೋಡಿದ್ರು. ಒಂದಕ್ಕಾದ್ರೂ ಸಾಯ್ಲಿ ಅಂತ ಕಾದೆ. ಸಾಯ್ಲಿಲ್ಲ. ಅವನು ಹೋದ್ಮೇಲೆ ನಿನ್ನ ಈ ಕೆಲಸ ನಾನಾಗೇ ಕೇಳಿ ತಗೊಂಡೆ. ಔಷಧಿಗೆ ಜಗ್ಗದ ಅಂಥ ಒಂದು ಜೀನಾದ್ರೂ ಕಮ್ಮಿಯಾಗ್ಲಿ ಅಂತ."

ಯೋರಿಸನಿಗೆ ಅದು ಗೊತ್ತಿತ್ತು. ಬೈಯುವ ಹಾಗೂ ಇಲ್ಲ, ಬೈಯದೆ ಇರಲೂ ಆಗದು.

ಹಬೆಯಂತ್ರ ಕೂಗಿ ನಿಂತಿತು. ಇಬ್ಬರೂ ಹೋಗಿ ಮುಚ್ಚಳ ತೆರೆದರು. ಹನ್ನೊಂದು ಬಾಟಲಿಗಳಲ್ಲಿ, ಬಟಾಣಿ ಗಾತ್ರಕ್ಕೆ ಬಂದಿದ್ದ ಆಲೂಗಡ್ಡೆಗಳು ಸಿಪ್ಪೆ ಬಿರಿದು ಹದವಾಗಿ ಬೆಂದಿದ್ದವು. ಮಧ್ಯಾಹ್ನದ ಅಡುಗೆಮನೆಯ ಪರಿಮಳ ಕೋಣೆಯನ್ನೆಲ್ಲ ತುಂಬಿತು. ಬೆಳಿಗ್ಗೆ ಏನೂ ತಿನ್ನದೆ ಓಡಿ ಬಂದಿದ್ದ ಯೋರಿಸನ ಬಾಯಲ್ಲಿ ನೀರೂರಿತು.