ಬೆಸೆಯುವ ಒಲೆ

ನಮ್ಮೂರಿನಲ್ಲಿ ಗಂಡ ಹೆಂಡತಿ ಇರುವ ಮನೆಗೆ ಬೆಸೆಯುವ ಒಲೆ, ಒಂಟಿಯವರಿಗೆ ಸೀಳುವ ಒಲೆ. ಒಂದರಲ್ಲಿ ಪರಮಾಣುಗಳು ಕೂಡಿ ಬಿಸಿ ಕೊಡುತ್ತವೆ, ಇನ್ನೊಂದರಲ್ಲಿ ಒಡೆದು. ನಮ್ಮ ಒಲೆಯನ್ನು ಮದುವೆಯ ದಿನ ಇಬ್ಬರೂ ಅಂಗೈ ಒತ್ತಿ ಹೊತ್ತಿಸಿದ್ದೆವು. ಗಂಡ ಮಹಾರುದ್ರ ತೀರಿಕೊಂಡ ಮೇಲೂ ಹತ್ತು ತಿಂಗಳು ನಾನು ಅದನ್ನು ಆರಲು ಬಿಟ್ಟಿರಲಿಲ್ಲ. ಆರಿದರೆ ಮತ್ತೆ ಹೊತ್ತಿಸಲು ಅವನ ಅಂಗೈ ಬೇಕು.

ಇವತ್ತು ಬೆಳಿಗ್ಗೆ ಒಲೆ ಕಚೇರಿಯ ನೀಲಗಂಗವ್ವ ಹೊಸ ಸೀಳುವ ಒಲೆಯನ್ನು ಹೊತ್ತು ತಂದಳು.

"ಇನ್ನೊಂದು ವಾರ ಬಿಡ್ರಿ," ಎಂದೆ.

"ಮೂರು ಸಲ ಹಿಂಗ ಅಂದೀರಿ, ಅಕ್ಕಾರ. ಸಾಹೇಬ್ರು ನನ್ನ ಹುರೀತಾರ. ಅದಕ್ಕ ಒಲಿನೂ ಬೇಕಾಗಂಗಿಲ್ಲ."

ನಾನೇ ಹಳೆಯ ಒಲೆಯ ಗುಂಡಿ ಒತ್ತಿದೆ. ಸದ್ದಿಲ್ಲದೆ ಆರಿತು. ಅವಳು ರೂಢಿಯಂತೆ ಹೊಸ ಒಲೆಯ ಮೇಲೆ ಹಾಲುಕ್ಕಿಸಿದಳು.

"ನೋಡ್ರಿ, ಹಾಲಿಗೇನೂ ಫರಕು ಗೊತ್ತಾಗಂಗಿಲ್ಲ."

ಆಮೇಲೆ ಸೀಸದ ಡಬ್ಬಿಯೊಂದನ್ನು ಕೈಗಿಟ್ಟಳು. "ಈ ಒಲಿ ಬೂದಿ ಬಿಡತೈತಿ. ಹೊರಗ ಚೆಲ್ಲಂಗಿಲ್ಲ, ಇದರಾಗ ಹಾಕಿ ಮನ್ಯಾಗ ಇಟ್ಕೋಬೇಕು."

ಹಳೆಯ ಒಲೆ ಇಂಥದ್ದೇನನ್ನೂ ಉಳಿಸುತ್ತಿರಲಿಲ್ಲ.

"ಆ ಬೂದಿ ಯಾವಾಗ ತಣ್ಣಗಾಗತೈತ್ರಿ?"

ಅವಳು ಹಳೆಯ ಒಲೆಯನ್ನು ಹೆಗಲಿಗೇರಿಸಿದಳು. "ನಿಮ್ಮ ಕಾಲದಾಗಂತೂ ಇಲ್ರೀ."

ಅವಳು ಹೋದ ಮೇಲೆ ಡಬ್ಬಿಯನ್ನು ಅವನ ಕನ್ನಡಕ ಇರುವ ಗೂಡಿನಲ್ಲೇ ಇಟ್ಟೆ. ಅಲ್ಲಿ ಜಾಗವಿತ್ತು.