ಮೂರನೇ ದಿನದ ಚುಕ್ಕಿ

ಬೆಳಗ್ಗೆ ಅತ್ತೆ ಕಡಲಮೀನು ಸಾಕುವ ಉಪ್ಪುನೀರಿನ ಗಾಜಿನ ತೊಟ್ಟಿಯ ದೀಪ ಹಾಕಿದಾಗ ಎರಡು ಕಿತ್ತಳೆ ಮೀನುಗಳಲ್ಲಿ ಒಂದು ಪಂಪಿನ ಜಾಲರಿಗೆ ಅಂಟಿಕೊಂಡು ಸತ್ತಿತ್ತು. ಉಳಿದವುಗಳ ಮೈಮೇಲೆಲ್ಲ ಬಿಳಿ ಚುಕ್ಕಿ, ಯಾರೋ ಪುಡಿ ಉಪ್ಪು ಉದುರಿಸಿದ ಹಾಗೆ. ಒಂಬತ್ತು ವರ್ಷದ ಹಳದಿ ಮೀನು, ಮನೆಮಂದಿ ‘ಯಜಮಾನ’ ಎಂದು ಕರೆಯುವುದು, ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ತೆರೆದು ಉಸಿರೆಳೆಯುತ್ತಿತ್ತು. ಅತ್ತೆ ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. ಮೂವತ್ತು ವರ್ಷ ಲ್ಯಾಬಿನಲ್ಲಿ ಊರವರ ರಕ್ತ ನೋಡಿದ ಕಣ್ಣು. ಹೆಚ್ಚು ಹೊತ್ತು ಬೇಕಾಗಲಿಲ್ಲ.

“ಹೊಸದಾಗಿ ಬಂದದ್ದನ್ನ ಆರು ವಾರ ಬೇರೆ ನೀರಲ್ಲಿ ಇಟ್ಟು ನೋಡ್ಬೇಕಿತ್ತು. ದಾಕ್ಷಿಣ್ಯಕ್ಕೆ ಬಿದ್ದು ನೇರ ಒಳಗೆ ಬಿಟ್ಕೊಂಡೆ,” ಎಂದರು.

ಹೊಸದಾಗಿ ಬಂದದ್ದು ನೀಲಿ ಮೀನು. ಹದಿನೈದು ದಿನದ ಹಿಂದೆ ಅದನ್ನು ತಂದುಕೊಟ್ಟವಳು ಸೊಸೆ. ಅವಳೂ ಈ ಮನೆಗೆ ಬಂದು ನಾಲ್ಕೇ ತಿಂಗಳು. ‘ಅಮ್ಮನಿಗೆ ಒಂದು ಮೀನು ಕೊಟ್ಬಿಡು, ಮಿಕ್ಕದ್ದು ತಾನಾಗೇ ಸರಿಹೋಗುತ್ತೆ’ ಎಂದು ಉಪಾಯ ಹೇಳಿಕೊಟ್ಟ ಗಂಡ ಏಳಕ್ಕೇ ಕೆಲಸಕ್ಕೆ ಹೊರಟುಹೋಗಿದ್ದ. ಅತ್ತೆ ಅಂದದ್ದು ಮೀನಿಗೋ ತನಗೋ ತಿಳಿಯದೆ ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಒಳಗೆ ಇನ್ನೊಂದು ಮಾತು ಕುಟುಕುತ್ತಿತ್ತು. ಮೀನು ಬಂದ ಮೂರನೇ ದಿನವೇ ಅದರ ರೆಕ್ಕೆಯ ಮೇಲೆ ನಾಲ್ಕು ಬಿಳಿ ಚುಕ್ಕಿಗಳನ್ನು ಅವಳು ಕಂಡಿದ್ದಳು. ಹೇಳಬೇಕೆಂದು ಎರಡು ಸಲ ಅತ್ತೆ ಇದ್ದ ಅಡುಗೆಮನೆಗೆ ಹೋಗಿ, ನೀರು ಕುಡಿದು ವಾಪಸು ಬಂದಿದ್ದಳು. ನಾಲ್ಕು ದಿನ ಕಳೆಯುವಷ್ಟರಲ್ಲಿ ಚುಕ್ಕಿಗಳು ತಾವಾಗಿ ಮಾಯವಾಗಿದ್ದವು. ಬದುಕಿದೆಯಾ ಬಡಜೀವವೇ ಎಂದು ಆವತ್ತು ಎರಡು ತುತ್ತು ಹೆಚ್ಚಿಗೇ ಉಂಡಿದ್ದಳು.

“ಔಷಧಿ ಈ ನೀರಿಗೇ ಹಾಕಿಬಿಟ್ರೆ?” ಎಂದಳು ಮೆಲ್ಲಗೆ.

“ತಾಮ್ರದ ಔಷಧಿ ಅದು. ಮೀನು ಉಳಿಯುತ್ತೆ, ಸಿಗಡಿ ಹವಳ ಎಲ್ಲಾ ಸಾಯುತ್ತೆ. ಮೊದಲು ನಿನ್ನ ಮೀನನ್ನ ಹೊರಗೆ ತೆಗಿ.”

ನಿನ್ನೆ ರಾತ್ರಿವರೆಗೂ ಅತ್ತೆಯ ಬಾಯಲ್ಲಿ ಅದು ‘ನಮ್ಮ ನೀಲಿ’ ಆಗಿತ್ತು. ಸೊಸೆ ತೋಳಿನ ಬಟ್ಟೆ ಮೇಲೇರಿಸಿ ಬಲೆ ಇಳಿಬಿಟ್ಟಳು. ಮೀನು ಕಲ್ಲಿನ ಸಂದಿಗೆ ಸೇರಿಕೊಂಡಿತು. ಬಲೆ ಹವಳಕ್ಕೆ ತಾಗದಂತೆ ತಿರುಗಿಸಲು ಹೋದರೆ ಅದು ಇನ್ನೂ ಒಳಕ್ಕೆ ಸರಿಯಿತು. ಅಷ್ಟರಲ್ಲಿ ಅತ್ತೆ ಮೀನಿನಂಗಡಿಯವನಿಗೆ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿ, ಮೇಜಿನ ಮೇಲಿಟ್ಟರು.

“ಏನಪ್ಪಾ, ನಮ್ಮ ಸೊಸೆಗೆ ಮೀನು ಮಾರಿದ್ಯೋ, ರೋಗ ಮಾರಿದ್ಯೋ?”

“ಅಯ್ಯೋ, ಆ ಮೀನು ನನ್ ಹತ್ರ ನಲವತ್ತು ದಿನ ತಾಮ್ರದ ನೀರಲ್ಲಿತ್ತಮ್ಮ. ಒಂದೇ ಒಂದು ಚುಕ್ಕಿ ಇರ್ಲಿಲ್ಲ.”

“ಹೆತ್ತವರಿಗೆ ಹೆಗ್ಗಣ ಮುದ್ದು. ನಿನ್ನ ಮೀನಿಗೆ ನೀನೇ ಸರ್ಟಿಫಿಕೇಟು!”

“ಬೈರಿ, ಬೇಡ ಅನ್ನಲ್ಲ. ಮೊದಲನೇ ಚುಕ್ಕಿ ಕಂಡದ್ದು ಯಾವತ್ತು, ಅದನ್ನ ಹೇಳಿ.”

“ಇವತ್ತು.”

ಬಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. “ಇವತ್ತಲ್ಲ,” ಎಂದಿತು ಒಂದು ದನಿ. ಅದು ತನ್ನದೇ ಎಂದು ಸೊಸೆಗೆ ಗೊತ್ತಾಗುವಷ್ಟರಲ್ಲಿ ಅತ್ತೆ ಪೂರ್ತಿ ಇತ್ತ ತಿರುಗಿಯಾಗಿತ್ತು. “ಬಂದ ಮೂರನೇ ದಿನ. ನೀಲಿ ಮೈಮೇಲೆ ಮಾತ್ರ. ನಾಲ್ಕು ದಿನ ಇತ್ತು, ಆಮೇಲೆ ಹೋಯ್ತು.”

“ಹೋಗಿಲ್ಲಮ್ಮ, ಉದುರಿದೆ. ಮರಳಲ್ಲಿ ಕೂತು ಒಂದು ಹೋಗಿ ನೂರಾಗಿದೆ.” ಅಂಗಡಿಯವನು ಈಗ ಅತ್ತೆಯನ್ನು ಕೇಳಿದ. “ದೊಡ್ಡಮ್ಮಾ, ನಿಮ್ಮ ಯಜಮಾನ ಕಲ್ಲಿಗೆ ಮೈ ಉಜ್ಜುತ್ತಾ?”

“ಉಜ್ಜುತ್ತೆ. ಅದು ಅದರ ಆಟ. ಬಂದೋರಿಗೆಲ್ಲ ಕರೆದು ತೋರಿಸ್ತೀನಿ.”

“ಎಷ್ಟು ದಿನದಿಂದ?”

“ದಿನ ಏನು ಬಂತು, ಮೂರು ವರ್ಷದಿಂದ.”

“ಅದು ಆಟ ಅಲ್ಲಮ್ಮ. ತುರಿಕೆ.”

ಅತ್ತೆ ಕನ್ನಡಕ ಏರಿಸಿ ಯಜಮಾನನತ್ತ ನೋಡಿದರು.

“ರೋಗ ಮೊದಲಿಂದ್ಲೂ ನಿಮ್ಮ ತೊಟ್ಟಿಯಲ್ಲೇ ಇದೆ,” ಎಂದ ಅವನು. “ಹಳೇವಕ್ಕೆ ಒಗ್ಗಿಹೋಗಿತ್ತು, ಮೈಮೇಲೆ ಕಾಣ್ತಿರ್ಲಿಲ್ಲ. ಹೊಸದಕ್ಕೆ ಒಗ್ಗಲಿಲ್ಲ, ಕಾಣಿಸಿಬಿಡ್ತು. ಅದರ ಮೈಮೇಲೆ ಬೆಳೆದು ಈಗ ಎಲ್ಲವನ್ನೂ ಹಿಡ್ಕೊಂಡಿದೆ. ಒಂದು ಮೀನೂ ಬಿಡದೆ ತೆಗೆದು ಬೇರೆ ನೀರಿಗೆ ಹಾಕಿ, ಔಷಧಿ ಅಲ್ಲಿ ಕೊಡಿ. ತೊಟ್ಟಿ ಎರಡೂವರೆ ತಿಂಗಳು ಮೀನಿಲ್ಲದೇ ಇರ್ಲಿ.”

ಅತ್ತೆ ಫೋನ್ ಇಟ್ಟರು. ಮಧ್ಯಾಹ್ನದವರೆಗೆ ಇಬ್ಬರೂ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಉಪ್ಪುನೀರಿನ ಬಕೆಟ್ಟುಗಳಿಗೆ ಇಳಿಸಿದರು. ನೀಲಿ ಸಿಕ್ಕಿತು, ಉಳಿದ ಕಿತ್ತಳೆ ಸಿಕ್ಕಿತು. ಯಜಮಾನ ಕೊನೆಗೆ, ಓಡುವ ಶಕ್ತಿಯೂ ಇಲ್ಲದೆ, ಅತ್ತೆಯ ಅಂಗೈಗೇ ಬಂದಿತು. ಔಷಧಿಯ ಟಬ್ಬಿನಲ್ಲಿ ಅದು ಓರೆಯಾಗಿ ಮಲಗಿತು. ಕಿವಿರು ಮಾತ್ರ ಪಟಪಟ ಹೊಡೆದುಕೊಳ್ಳುತ್ತಿತ್ತು. ಉಳಿಯುತ್ತದೋ ಇಲ್ಲವೋ ಎಂದು ಕೇಳುವ ಧೈರ್ಯ ಸೊಸೆಗಾಗಲಿಲ್ಲ.

“ಮೂರನೇ ದಿನ ಕಂಡದ್ದನ್ನ ಆವತ್ತೇ ಯಾಕೆ ಹೇಳ್ಲಿಲ್ಲ?” ಅತ್ತೆ ಟಬ್ಬಿನಿಂದ ಕಣ್ಣು ತೆಗೆಯದೆ ಕೇಳಿದರು.

“ನಾನು ತಂದ ಮೀನಲ್ವಾ ಅತ್ತೆ... ಭಯ ಆಯ್ತು.”

ಅತ್ತೆ ಟವೆಲಿಗೆ ಕೈ ಒರೆಸಿಕೊಂಡರು. ಒಣಗಿದ ಮೇಲೂ ಒರೆಸುತ್ತಲೇ ಇದ್ದರು.

“ಈ ಮನೇಲಿ ಇನ್ನೂ ಏನೇನು ಕಂಡಿದೆ ನಿಂಗೆ?”

ಸೊಸೆ ಅವರ ಮುಖ ನೋಡಿದಳು. ಚುಚ್ಚುಮಾತಲ್ಲ, ನಿಜವಾಗಿಯೇ ಕೇಳುತ್ತಿದ್ದರು. ಅವಳು ಬಲೆಯನ್ನು ಬಕೆಟ್ಟಿಗೆ ಒರಗಿಸಿ, ಒದ್ದೆ ನೆಲವೆಂಬುದನ್ನೂ ನೋಡದೆ, ಚಕ್ಕಳಮಕ್ಕಳ ಹಾಕಿ ಕೂತಳು.