ಚಂದ್ರಗೂಪದ ಅಂಚಿನಲ್ಲಿ

"ಹೆಸರು ಹೇಳಿ, ಪಾಪ ಹೇಳಮ್ಮಾ. ಗಟ್ಟಿಯಾಗಿ! ಚಂದ್ರಗೂಪ ಬಾಬಾ ಈ ಕೆಸರಲ್ಲಿ ಗುಳ್ಳೆ ಎಬ್ಬಿಸಿದ್ರೆ ಮುಂದೆ ಹಿಂಗ್ಲಾಜ ತಾಯಿ ಹತ್ರ ಹೋಗು. ಇಲ್ಲಾಂದ್ರೆ ಇಲ್ಲಿಂದ್ಲೇ ವಾಪಸ್ಸು," ಎಂದ ಯಾತ್ರೆಯ ಮುಂದಾಳು ವೇರ್ಸಿ.

ದಿಬ್ಬದ ತುದಿಯ ಕೆಸರುಗುಂಡಿಯ ಅಂಚಿನಲ್ಲಿ ಸುಗನಾ ತೆಂಗಿನಕಾಯಿ ಅವಚಿಕೊಂಡು ನಿಂತಿದ್ದಳು. ಅವಳಿಗಿಂತ ಮುಂಚೆ ಹಾಲಿನವನು ನೀರು ಬೆರೆಸಿದ್ದನ್ನು ಒಪ್ಪಿಕೊಂಡಾಗ, "ಊರಿಗೇ ಗೊತ್ತು, ಹೊಸದು ಹೇಳೋ!" ಎಂದು ಎಲ್ಲರೂ ನಕ್ಕಿದ್ದರು. ಈಗ ಯಾರೂ ನಗಲಿಲ್ಲ. ಕಡಲ ಗಾಳಿ ಕಡೆದ ಬಂಡೆಗಳೂ ದೂರದಲ್ಲಿ ಸರದಿಗೆ ಕಾದ ಯಾತ್ರಿಕರಂತೆ ನಿಂತಿದ್ದವು.

"ನಾನು ಸುಗನಾ. ಹೊಲದಲ್ಲಿ ಹಾವು ಕಚ್ಚಿ ನನ್ನ ಗಂಡ ಕೂಗಿ ಕೂಗಿ ಸಾಯ್ತಿದ್ದಾಗ ನಾನು ಗುಡಿಸಲಲ್ಲಿ ನಿದ್ದೆ ಮಾಡ್ತಿದ್ದೆ..."

ಪಕ್ಕದಲ್ಲಿದ್ದ ಅತ್ತೆ ನಾಜೂ ಅವಳ ಬಾಯಿಗೆ ಕೈ ಅಡ್ಡ ಹಿಡಿದಳು. ಆರು ವರ್ಷ ಊರ ಬಾವಿಯ ಬಳಿ ಇದೇ ಮಾತಾಡಿ ಸೊಸೆಯನ್ನು ಹಳಿದವಳು ಅವಳೇ.

"ಇದು ನಿಂದಲ್ಲ ಕಣೇ, ನಂದು. ನಾನು ಎಚ್ಚರವಾಗೇ ಇದ್ದೆ. ಅವನು ಕೂಗಿದ್ದು ಕೇಳಿಸ್ತು. ಹಾವು ಅಂತ ಗೊತ್ತಿರಲಿಲ್ಲ. ಹೆತ್ತವಳ ಕಿವಿಗೆ ಬೀಳೋ ಹಾಗೆ ಹೆಂಡತಿ ಹೆಸರು ಹಿಡಿದು ಕೂಗ್ತಾನಲ್ಲ, ನಾಚಿಕೆಗೆಟ್ಟವನು ಅಂತ ಸಿಟ್ಟು ಬಂತು. ನಿನ್ನನ್ನ ಎಬ್ಬಿಸಲಿಲ್ಲ."

ಕೆಸರು ನಿಧಾನವಾಗಿ ಉಬ್ಬಿ ಒಡೆಯಿತು. ಅಪ್ಪಣೆಯಾಯಿತೆಂದು ವೇರ್ಸಿ ಕೈಯೆತ್ತಿದ. ಸುಗನಾ ಅತ್ತ ನೋಡಲೇ ಇಲ್ಲ. ಹನ್ನೊಂದು ವರ್ಷದ ಸಂಸಾರದಲ್ಲಿ ಗಂಡ ಅವಳನ್ನು "ಏ" ಎಂದಷ್ಟೇ ಕರೆದಿದ್ದ.

"ಹೇಗೆ ಕೂಗಿದ?" ಎಂದಳು. "ಹಾಗೇ ಒಂದ್ಸಲ ಕೂಗಿ ಅತ್ತೆ, ನಾನೂ ಕೇಳ್ತೀನಿ."